ದಾಕ್ಷಾಯಣಿಯ ಮನೆ ಹಳ್ಳದ ಕಡೆ ಹೊರಟದ್ದು

ನಮ್ಮ ಊರಿನಲ್ಲಿ ಪತ್ರದ ಮೇಲೆ ಮನೆ ನಂಬರು ಬರೆಯುವ ಪದ್ಧತಿ ಇಲ್ಲ. ಬರೆದರೂ ಅಂಚೆಯವನು ಅದನ್ನು ನೋಡುವುದಿಲ್ಲ. ಅವನು ಹೆಸರು ಓದುತ್ತಾನೆ, ಆ ಮನೆಯ ಹಿರಿಯರಿಗೆ ಈಚೆಗೆ ಮೈ ಹೇಗಿದೆ ಎಂದು ನೆನಪು ಮಾಡಿಕೊಳ್ಳುತ್ತಾನೆ, ಆಮೇಲೆ ಸೈಕಲ್ಲನ್ನು ಪೇಟೆಯ ಕಡೆಗೋ ಹಳ್ಳದ ಕಡೆಗೋ ತಿರುಗಿಸುತ್ತಾನೆ. ಇಲ್ಲಿ ಮನೆಗಳು ಸರಿಯುತ್ತವೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರು ದಿನವೂ ತಕ್ಕಮಟ್ಟಿಗೆ ಓಡಾಡಿಕೊಂಡಿದ್ದರೆ ಮನೆ ಇದ್ದಲ್ಲೇ ಇರುತ್ತದೆ. ಹೆಚ್ಚು ನಡೆದರೆ ಬೆಳಗಾಗುವಷ್ಟರಲ್ಲಿ ಪೇಟೆಯ ಕಡೆಗೆ ಒಂದೆರಡು ಮೊಳ ಮುಂದೆ ಬಂದಿರುತ್ತದೆ. ಕೂತಲ್ಲೇ ಕೂತರೆ ಹಳ್ಳದ ಕಡೆಗೆ ಅಷ್ಟೇ ಹಿಂದೆ ಹೋಗಿರುತ್ತದೆ. ಮಕ್ಕಳು ಮೊಮ್ಮಕ್ಕಳು ಎಷ್ಟು ಕುಣಿದಾಡಿದರೂ ಲೆಕ್ಕಕ್ಕಿಲ್ಲ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಮಗೆ ರೂಢಿ. ಎಲ್ಲರ ಮನೆಯ ನಲ್ಲಿಗೂ ಉದ್ದನೆಯ ರಬ್ಬರ್ ಪೈಪು ಇದೆ, ಕರೆಂಟಿನ ತಂತಿಯನ್ನು ಕಂಬಕ್ಕೆ ನಾಲ್ಕು ಸುತ್ತು ಹೆಚ್ಚಿಗೆ ಸುತ್ತಿಟ್ಟಿರುತ್ತಾರೆ. ಒಂದು ಮನೆಗೆ ಇನ್ನೊಂದು ಅಡ್ಡ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಬಸ್ ಹತ್ತುವಾಗ ಮನುಷ್ಯರು ಅಷ್ಟು ಮರ್ಯಾದೆ ತೋರಿಸಿದ್ದನ್ನು ನಾನು ಕಂಡಿಲ್ಲ. ಹಬ್ಬ ಹತ್ತಿರ ಬಂದಾಗ ಬಟ್ಟೆ ಅಂಗಡಿಯ ಅಣ್ಣತಮ್ಮಂದಿರು ತಮ್ಮ ಮುದಿ ತಂದೆಯನ್ನು ಕೆರೆ ಏರಿಯ ಮೇಲೆ ನಾಲ್ಕು ಸಲ ಓಡಾಡಿಸುತ್ತಾರೆ, ಅಂಗಡಿ ಪೇಟೆಯ ಮಧ್ಯಕ್ಕೆ ಬರಲಿ ಅಂತ. ಆ ಯಜಮಾನರೂ ಸುಮ್ಮನೆ ನಡೆಯುವವರಲ್ಲ. ಸುತ್ತಿಗೊಂದು ಮಸಾಲೆ ದೋಸೆ ಎಂದು ಮೊದಲೇ ಮಾತಾಡಿಕೊಂಡಿರುತ್ತಾರೆ.

ಹಳ್ಳದ ಮಾತು ಮಾತ್ರ ಬೇರೆ. ಹಳ್ಳ ದಾಟಿದ ಮನೆ ತಿರುಗಿ ಬಂದದ್ದನ್ನು ಯಾರೂ ನೋಡಿಲ್ಲ. ಆಚೆಗೂ ಒಂದು ಪೇಟೆ ಇದೆಯಂತೆ, ಅಲ್ಲಿಗೆ ಹೋದ ಮನೆಯ ಬಾಗಿಲು ಆ ಕಡೆಗೆ ತಿರುಗಿಬಿಡುತ್ತದಂತೆ. ಅಲ್ಲಿ ಅವರೆಲ್ಲ ಸುಖವಾಗಿಯೇ ಇದ್ದಾರೆ ಎನ್ನುತ್ತಾರೆ. ಇರಬಹುದು. ಆದರೆ ಈಚೆ ದಡದಲ್ಲಿ ನಿಂತು ಎಷ್ಟು ಕೂಗಿದರೂ ಅವರಿಗೆ ಕೇಳಿಸುವುದಿಲ್ಲ.

ನಾನು ಈ ಊರಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಹೆಸರು ರುದ್ರಾಂಬ. ಮದುವೆ ಆಗಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದೇನೆ, ಮನೆಗೆ ನಾನೇ ಹಿರಿಯಳು. ಪಕ್ಕದ ಮನೆ ದಾಕ್ಷಾಯಣಿಯದು. ಅವಳಿಗೂ ನನಗೂ ಒಂದೇ ವಯಸ್ಸು, ಈಗ ಎಪ್ಪತ್ತಮೂರು. ಅವಳ ಮಗ ನಾಗಭೂಷಣ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮೆಷಿನ್ನು. ಸೊಸೆ ವನಜ. ಮೂವತ್ತೆಂಟು ವರ್ಷ ನಮ್ಮೆರಡು ಮನೆಗಳ ನಡುವೆ ಒಂದು ಗೇಣೂ ವ್ಯತ್ಯಾಸ ಬಂದಿರಲಿಲ್ಲ. ಬರುವುದಾದರೂ ಹೇಗೆ? ಬೆಳಿಗ್ಗೆ ಹೂವಿಗೆ, ಸಂಜೆ ಏರಿಗೆ, ಎಲ್ಲಿಗೆ ಹೋದರೂ ಇಬ್ಬರೂ ಒಟ್ಟಿಗೇ ಹೋಗುತ್ತಿದ್ದೆವು. ಅವಳು ನನಗಿಂತ ಉದ್ದ, ಬಿರುಸು. ನಾನು ಹಿಂದೆ ಬಿದ್ದಾಗೆಲ್ಲ ನಿಂತು, ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳ ಹಾಗೆ ನಟಿಸುತ್ತಿದ್ದಳು. ನನಗೋಸ್ಕರ ನಿಂತೆ ಎಂದು ಒಂದು ದಿನವೂ ಹೇಳಿದವಳಲ್ಲ.

ಹೋದ ಪುಷ್ಯದಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಿಸ್ಟರ್ ಫಿಲೋಮಿನಾ ವಾರಕ್ಕೆರಡು ಸಲ ಬಂದು, ವಾಕರ್ ಹಿಡಿದು ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇವೆಲ್ಲ ತೋರಿಸಿಕೊಟ್ಟರು. ಸಿಸ್ಟರ್ ಇರುವ ತನಕ ದಾಕ್ಷಾಯಣಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಅವರು ಬಾಗಿಲು ದಾಟಿದ ಕೂಡಲೇ ಮಂಚಕ್ಕೆ ವಾಪಸ್. ಕಡೆಗೊಂದು ದಿನ ಸಿಸ್ಟರ್ ನನ್ನನ್ನು ಹೊರಗೆ ಕರೆದು, ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದೆ, ಕೂಡಬೇಕಾದದ್ದು ಇನ್ನು ಧೈರ್ಯ ಮಾತ್ರ ಎಂದರು.

ಧೈರ್ಯವನ್ನು ಹೇಗೆ ತಂದುಕೊಡುವುದೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಕಾಫಿ ತಂದುಕೊಟ್ಟೆ. ಬೆಳಿಗ್ಗೆ ಕಾಫಿ, ಆಮೇಲೆ ಪೇಪರು, ಮಧ್ಯಾಹ್ನ ಬಿಸಿ ಸಾರು, ಸಂಜೆ ಕಟ್ಟಿದ ಹೂವು. ಅವಳು ನೀರು ಎನ್ನುವ ಮೊದಲೇ ನೀರು. ಕನ್ನಡಕ ಎಂದು ಕಣ್ಣು ಕಿರಿದು ಮಾಡುವ ಮೊದಲೇ ಕನ್ನಡಕ. ವನಜ ಒಳ್ಳೆಯ ಹುಡುಗಿ, ಅವಳೂ ಹಾಗೆಯೇ ಮಾಡುತ್ತಿದ್ದಳು. ಬೀದಿಯವರೂ ಅಷ್ಟೆ. ಹಾಲಿನ ತಿಮ್ಮಕ್ಕ ಹಾಲನ್ನು ಬಾಗಿಲಲ್ಲಿ ಅಳೆಯದೆ ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಗೇ ಸುರಿದು ಬರುತ್ತಿದ್ದಳು. ನಮ್ಮ ಬೀದಿಯಷ್ಟು ಅಂತಃಕರಣದ ಬೀದಿ ಇನ್ನೊಂದಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ದಾಕ್ಷಾಯಣಿಯ ಮನೆ ಮಾತ್ರ ದಿನಕ್ಕೆ ಎರಡು ಮೊಳದಂತೆ ಹಳ್ಳದ ಕಡೆ ಹೊರಟಿತು. ಮೊದಲ ವಾರ ಕಾಂಪೌಂಡಿನ ಮೇಲಿಂದ ಲೋಟ ದಾಟಿಸುವುದು ತಪ್ಪಿತು. ಒಂದು ತಿಂಗಳಿಗೆ ನಾಲ್ಕು ಮನೆ ದಾಟಿ ಹೋಗಬೇಕಾಯಿತು. ಕೊಡೆ ಹಿಡಿದು, ಕಾಫಿ ಆರದಂತೆ ಲೋಟದ ಮೇಲೆ ತಟ್ಟೆ ಮುಚ್ಚಿ, ನಾನು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿದ್ದೆ. ದೂರ ಹೆಚ್ಚಾದಷ್ಟೂ ನನ್ನ ನಡಿಗೆಯೂ ಹೆಚ್ಚಾಯಿತು. ನೋಡಿದವರೆಲ್ಲ ಈ ವಯಸ್ಸಿನಲ್ಲೂ ರುದ್ರಮ್ಮೋರು ಹೇಗೆ ನಡೀತಾರೆ ನೋಡಿ ಎನ್ನುತ್ತಿದ್ದರು. ನನಗೂ ಅದು ಹಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಚೈತ್ರದ ಕಡೆಯಲ್ಲಿ ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೊತ್ತಂಬರಿ ಸೊಪ್ಪಿನ ರಾಶಿ. ಅದರ ಹಿಂದೆ ಕೂತಿದ್ದ ಸೊಪ್ಪಿನವಳು ಬೋಣಿ ಮಾಡಿ ತಾಯಿ ಎಂದಳು. ನಮ್ಮ ಮನೆ ತರಕಾರಿ ಮಾರ್ಕೆಟ್ಟಿಗೇ ಬಂದು ನಿಂತಿತ್ತು. ತಮ್ಮನ ಹೆಂಡತಿಗೆ ಬಲು ಖುಷಿ, ಒಲೆಯ ಮೇಲೆ ಎಣ್ಣೆ ಇಟ್ಟು ಕರಿಬೇವಿಗೆ ಹೊರಗೆ ಹೋಗಿ ಬರಬಹುದು. ಅದು ಸೋಮವಾರ. ಪುರಸಭೆಯ ಮೈಲಾರಪ್ಪ ವಾರದ ಅಳತೆಗೆ ಬರುವ ದಿನ. ಟೇಪು ಹಿಡಿದು, ಹೊಸ್ತಿಲ ಮುಂದೆ ಸುಣ್ಣದ ಗೆರೆ ಎಳೆದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತ. ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟ.

"ಅಮ್ಮಾ, ಒಂದ್ ಮಾತು. ತಪ್ಪು ತಿಳೀಬ್ಯಾಡಿ," ಎಂದ. "ಆಯಮ್ಮನ ಮನೆ ಹಿಂದಕ್ಕೆ ಹೋಗಿರಾದು ನೂರ ಎಂಬತ್ತು ಮೊಳ. ನಿಮ್ದು ಮುಂದಕ್ಕೆ ಬಂದಿರಾದು ಇನ್ನೂರ ಹತ್ತು. ನಿಮ್ಮಿಬ್ಬರ ಮಧ್ಯದ ದೂರದಾಗೆ ಹೆಚ್ಚಿನ ಪಾಲು ನಿಮ್ದೇ ಐತೆ."

ಅವನು ಟೇಪು ಸುತ್ತುತ್ತಾ, ಅವರ ಹಿತ್ತಲಿನಿಂದ ಹಳ್ಳಕ್ಕೆ ಇನ್ನು ಹದಿನೆಂಟು ಮೊಳ ಉಳಿದಿದೆ, ಹೀಗೇ ಹೋದರೆ ಬರುವ ವಾರ ಕಳೆಯುವಷ್ಟರಲ್ಲಿ ಅಳೆಯಲು ಏನೂ ಉಳಿಯುವುದಿಲ್ಲವೇನೋ ಎಂದು ಮೆಲ್ಲನೆ ಹೇಳಿ ಹೋದ.

ಅವತ್ತು ಕಾಫಿಯ ಲೋಟ ಕೈಯಲ್ಲಿ ಹಿಡಿದುಕೊಂಡೇ ಜಗಲಿಯ ಮೇಲೆ ಕೂತುಬಿಟ್ಟೆ. ಓದಿದವಳು ನಾನು, ಬಿ.ಎ. ಮಾಡಿದವಳು. ಮೂರು ತಿಂಗಳು ಕಣ್ಣೆದುರಿಗಿದ್ದದ್ದು ಕಂಡಿರಲಿಲ್ಲ. ನಾನು ಇಟ್ಟ ಒಂದೊಂದು ಹೆಜ್ಜೆಯೂ ಅವಳು ಇಡಬೇಕಾಗಿದ್ದ ಹೆಜ್ಜೆ. ಅದನ್ನು ನಾನು ಕಸಿದುಕೊಂಡದ್ದೂ ಅಲ್ಲದೆ, ಅದರಿಂದಲೇ ನನ್ನ ಮನೆಯನ್ನೂ ಅವಳಿಂದ ದೂರ ಎಳೆದುಕೊಂಡು ಬಂದಿದ್ದೆ. ಲೋಟದ ಕಾಫಿಯನ್ನು ನಾನೇ ಕುಡಿದೆ. ತಿಮ್ಮಕ್ಕ ಹಾಲು ಹಾಕಿ ಆ ಕಡೆಗೇ ಹೊರಟಿದ್ದಳು. ಅವಳ ಕೈಲಿ ಹೇಳಿ ಕಳಿಸಿದೆ: ನಾನು ಇನ್ನು ಬರುವುದಿಲ್ಲ, ದಾಕ್ಷಾಯಣಿಯೇ ಬರಲಿ.

ಇಷ್ಟು ಹೇಳಿದರೆ ಸಾಕು, ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮಧ್ಯಾಹ್ನ ವನಜ ಓಡಿಬಂದು, ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ, ರುದ್ರಿಗೂ ನಾನು ಬೇಡವಾದೆ ಅಂತಿದ್ದಾರೆ ಎಂದು ಕಣ್ಣೊರೆಸಿಕೊಂಡಳು. ಅವಳಿಗೆ ಮೈಲಾರಪ್ಪನ ಅಳತೆಯನ್ನು ವಿವರಿಸಿದೆ. ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿ ಬೆಪ್ಪಾಗಿ ನಿಂತಳು. ಇಷ್ಟು ದಿನ ತಾನು ಕೊಟ್ಟ ನೀರಿನ ಲೋಟಗಳೆಲ್ಲ ಅವಳ ಕಣ್ಣಮುಂದೆ ಬಂದಿರಬೇಕು. ಹೋಗಿ ಅತ್ತೆಗೂ ಹೇಳಿದಳಂತೆ. ದಾಕ್ಷಾಯಣಿ ಕೇಳಿಸಿಕೊಂಡು, ಮನೆ ಹೋದರೆ ಹೋಗಲಿ, ಬಿದ್ದವರಿಗೆ ಗೊತ್ತು ಬೀಳುವುದು ಏನೆಂದು, ಎಂದಳಂತೆ. ಮಂಗಳವಾರ ಎರಡು ಮೊಳ ಹೋಯಿತು. ಬುಧವಾರ ಎರಡು. ನಾನು ಜಗಲಿಯ ಮೇಲೆ ಕೂತೇ ಇದ್ದೆ. ನನಗೆ ಕೂತು ಅಭ್ಯಾಸವಿಲ್ಲ, ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಚಪ್ಪಲಿಯನ್ನು ಅಟ್ಟದ ಮೇಲೆ ಇಡಿಸಿದೆ.

ಆಗ ಉಪ್ಪಿನಕಾಯಿಯ ಕಾಲ ಬಂತು. ಮಾರ್ಕೆಟ್ಟಿನ ತುಂಬ ಮಾವಿನಕಾಯಿ. ಪ್ರತಿ ವರ್ಷ ಎರಡೂ ಮನೆಗೆ ಉಪ್ಪಿನಕಾಯಿ ಹಾಕುತ್ತಿದ್ದವಳು ದಾಕ್ಷಾಯಣಿ. ನಾನು ಭರಣಿ ತೊಳೆದು ಒಣಗಿಸಿ ಕೊಡುವವಳು, ಅಷ್ಟೆ. ಅವಳ ಉಪ್ಪಿನಕಾಯಿ ಮೂರು ವರ್ಷ ಇಟ್ಟರೂ ಹೋಳು ಕಟುಂ ಎನ್ನುತ್ತಿತ್ತು. ಬೀದಿಯ ಸೊಸೆಯರೆಲ್ಲ ಅವಳ ಹತ್ತಿರ ಹದ ಕೇಳಲು ಬರುತ್ತಿದ್ದರು. ಈ ಸಲ ಹಾಕುವವರಿಲ್ಲ, ನಾನೇ ನೋಡೋಣ ಎಂದು ಗುರುವಾರ ಇಪ್ಪತ್ತು ಕಾಯಿ ತರಿಸಿ ಜಗಲಿಯ ಮೇಲೆ ಹೆಚ್ಚಲು ಕೂತೆ. ಇದು ಉಪಾಯವೇನೂ ಆಗಿರಲಿಲ್ಲ. ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಸೊನೆ ಬಹಳ ಇದೆಯಲ್ಲ ಎಂದು, ಹೆಚ್ಚಿದ ಹೋಳುಗಳನ್ನೆಲ್ಲ ಬಕೆಟ್ಟಿನ ನೀರಿಗೆ ಹಾಕಿ ಚೆನ್ನಾಗಿ ತೊಳೆದೆ.

ಸಂಜೆಯ ಹಾಲಿಗೆ ಬಂದ ತಿಮ್ಮಕ್ಕ ಅದನ್ನು ನೋಡಿದಳು. ಹಾಲಿನ ಕ್ಯಾನನ್ನು ತಲೆಯ ಮೇಲಿಟ್ಟುಕೊಂಡು ನೇರವಾಗಿ ದಾಕ್ಷಾಯಣಿಯ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ವನಜ ಆಮೇಲೆ ನನಗೆ ನಟಿಸಿ ತೋರಿಸಿದ್ದಾಳೆ. ತಿಮ್ಮಕ್ಕ ಆ ದಿನ ಒಳಗೆ ಹೋಗಲಿಲ್ಲವಂತೆ, ಬಾಗಿಲಲ್ಲೇ ನಿಂತು ಪಾತ್ರೆ ಕೇಳಿದಳಂತೆ. ಕೇಳಿ, ಗಾಳಿಗೆ ಹೇಳುವ ಹಾಗೆ, ರುದ್ರಮ್ಮೋರು ಹೆಚ್ಚಿದ ಮಾವಿನ ಹೋಳನ್ನ ನೀರಲ್ಲಿ ತೊಳೀತಾವ್ರೆ ಎಂದಳಂತೆ. ಮಂಚ ಕಿರುಗುಟ್ಟಿತಂತೆ. ಆಮೇಲೆ ದಾಕ್ಷಾಯಣಿ, ಹೆಚ್ಚಿದ ಮೇಲಾ ಎಂದು ಕೇಳಿದಳಂತೆ. ಹೆಚ್ಚಿದ ಮೇಲೆ ಎಂದು ತಿಮ್ಮಕ್ಕ. ಒರೆಸಿ ಒಣಗಿಸಿದಳಾ? ಇಲ್ಲವಂತೆ, ಒದ್ದೆಗೇ ಉಪ್ಪು ಹಾಕುತ್ತಾರಂತೆ. ನಾನು ಹಾಗೆ ಹೇಳಿಯೇ ಇರಲಿಲ್ಲ. ಅದು ತಿಮ್ಮಕ್ಕ ತಾನಾಗಿ ಸೇರಿಸಿದ್ದು. ಅವಳು ಹಾಲಿಗೆ ಏನನ್ನೂ ಸೇರಿಸುವವಳಲ್ಲ, ಮಾತಿಗೆ ಸೇರಿಸುತ್ತಾಳೆ.

ಶುಕ್ರವಾರ ಬೆಳಿಗ್ಗೆ ಹಳ್ಳಕ್ಕೂ ಅವರ ಹಿತ್ತಲಿಗೂ ನಡುವೆ ಹತ್ತು ಮೊಳ ಉಳಿದಿತ್ತು. ಏಳೂವರೆ ಇರಬೇಕು, ಬಿಸಿಲು ಇನ್ನೂ ಎಳೆಯದು. ನಾನು ಜಗಲಿಯ ಮೇಲೆ ಕೂತಿದ್ದೆ. ಕಣ್ಣೆತ್ತಿ ನೋಡಿದರೆ, ಫರ್ಲಾಂಗಿಗೆ ಸ್ವಲ್ಪ ಕಡಿಮೆ ದೂರದಲ್ಲಿ, ಆ ತುದಿಯಲ್ಲಿ, ವಾಕರ್ ಹಿಡಿದು ದಾಕ್ಷಾಯಣಿ ಹೊಸ್ತಿಲ ಹೊರಗೆ ನಿಂತಿದ್ದಳು. ಹಸಿರು ಸೀರೆ. ತಲೆ ಬಾಚಿಕೊಂಡಿದ್ದಳು.

ನಾಗಭೂಷಣ ಮೆಷಿನ್ ತುಳಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದವನು, ವನಜ ಅವನ ಅಂಗಿ ಹಿಡಿದು ಎಳೆದ ಹಾಗೆ ಕಂಡಿತು, ಅಲ್ಲೇ ನಿಂತ. ದಾಕ್ಷಾಯಣಿ ವಾಕರ್ ಎತ್ತಿ ಮುಂದಿಟ್ಟಳು, ಒಂದು ಕಾಲು, ಇನ್ನೊಂದು ಕಾಲು. ವನಜ ಹತ್ತು ಹೆಜ್ಜೆ ಹಿಂದೆ ಖಾಲಿ ಬಿಂದಿಗೆ ಹಿಡಿದು ನೀರಿಗೆ ಹೊರಟವಳ ಹಾಗೆ ಬರುತ್ತಿದ್ದಳು. ಅವರ ಮನೆಯ ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಬರುತ್ತಿತ್ತು ಎನ್ನುವುದು ಬೀದಿಗೆಲ್ಲ ಗೊತ್ತು. ಮೈಲಾರಪ್ಪನ ಅಳತೆಯ ವಿಷಯವೂ ಅಷ್ಟು ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು ಅಂತ ಕಾಣುತ್ತದೆ. ಯಾರೂ ಓಡಿಹೋಗಿ ಅವಳ ಕೈ ಹಿಡಿಯಲಿಲ್ಲ. ಒಂದು ಮನೆಯವರು ಬಾಗಿಲ ಮುಂದೆ ಕುರ್ಚಿ ತಂದಿಟ್ಟು, ತಿಗಣೆ ಆಗಿದೆ, ಬಿಸಿಲಿಗೆ ಹಾಕಿದೆವು ಎಂದರು. ಅದು ಪ್ಲಾಸ್ಟಿಕ್ ಕುರ್ಚಿ. ಅದನ್ನು ನೋಡಿ ಮುಂದಿನವರೂ ಒಂದು ತಂದಿಟ್ಟರು, ಅದರ ಮುಂದಿನವರು ಸ್ಟೂಲು. ಯಾರೋ ದಾರಿಯ ಹರಳುಗಳನ್ನು ಗುಡಿಸಿ ಬದಿಗೆ ತಳ್ಳಿದರು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋದರು. ಬೀದಿ ನಾಯಿಗೆ ಒಬ್ಬಳು ಬೇಕೆಂದೇ ಎರಡು ರೊಟ್ಟಿ ಹಾಕಿ ಕಟ್ಟೆಯ ಹಿಂದೆ ಕರೆದುಕೊಂಡಳು.

ನಾಲ್ಕನೆಯ ಕುರ್ಚಿಯಲ್ಲಿ ದಾಕ್ಷಾಯಣಿ ಕೂತಳು. ಅರ್ಧ ದಾರಿ. ಎದೆ ಏರಿಳಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಏಳಲಿಲ್ಲ. ಹಿಂದೆ ತಿರುಗಿ ತನ್ನ ಮನೆ ನೋಡಿದಳು. ಅವಳು ಅಲ್ಲಿಂದ ವಾಪಸ್ ಹೋದರೆ ಇನ್ನೊಂದು ಸಲ ಹೊರಡುವವಳಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕೈಲಿ ತಡೆಯಲಾಗಲಿಲ್ಲ. ಕಂಬ ಹಿಡಿದು ಎದ್ದು ಬರಿಗಾಲಲ್ಲೇ ಒಂದು ಮೆಟ್ಟಿಲು ಇಳಿದೆ.

ಅವಳು ಕಂಡಳು. ಅವಳ ದನಿ ಮೊದಲಿನಿಂದಲೂ ದೊಡ್ಡದು.

"ಕೂತ್ಕೊಳೆ ರುದ್ರಿ," ಎಂದಳು. "ಇನ್ನೂ ಮುಂದಕ್ಕೆ ಹೋದೀಯೆ. ನಂಗೆ ಇಷ್ಟು ದೂರವೇ ಸಾಕಾಗಿದೆ."

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುತ್ತಲೇ ಮುಂದಕ್ಕೆ ಬಾಗಿ, ಸಿಸ್ಟರ್ ಹೇಳಿಕೊಟ್ಟ ಹಾಗೆ ಪಾದ ಹಿಂದಕ್ಕೆ ಎಳೆದುಕೊಂಡು, ಕೈಯೂರದೆ ಎದ್ದು ನಿಂತಳು. ನಾನು ಕೂತೆ. ಜೀವನದಲ್ಲಿ ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಅದೊಂದು.

ನಮ್ಮ ಜಗಲಿ ತಲುಪಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಂದವಳು ನನ್ನ ಮುಖ ನೋಡಲಿಲ್ಲ. ಬಕೆಟ್ಟಿನೊಳಗೆ ಇಣುಕಿ ಒಂದು ಹೋಳು ಎತ್ತಿ, ಹಿಂಡಿ, ಮೂಸಿ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು ಬೆವರೊರೆಸಿಕೊಂಡಳು.

"ಇದು ಉಪ್ಪಿನಕಾಯಿಗೆ ಆಗಲ್ಲ. ಚಿತ್ರಾನ್ನಕ್ಕೆ ತುರಿದುಕೋ," ಎಂದಳು. ಹೋಳನ್ನು ಬಕೆಟ್ಟಿಗೆ ಎಸೆದು, ನನ್ನ ಕಡೆ ನೋಡದೆ, "ದಿನಾ ನೀನು ಬರ್ತಿದ್ದೆಯಲ್ಲ, ಆಗೆಲ್ಲ ನನಗೆ ಇನ್ನೇನೂ ಉಳಿದಿಲ್ಲ ಅನ್ನಿಸ್ತಿತ್ತು ಕಣೆ. ಹೇಳಕ್ಕೆ ಆಗ್ತಿರಲಿಲ್ಲ. ಕಾಫಿ ಬೇರೆ ಚೆನ್ನಾಗಿರ್ತಿತ್ತು," ಎಂದಳು.

ನನ್ನ ಕಣ್ಣು ತುಂಬಿತು. ಸೊನೆ ಹಾರಿತು ಎಂದೆ. ಅವಳು ನಂಬಿದವಳ ಹಾಗೆ ಸೆರಗು ಕೊಟ್ಟಳು.

ಮೈಲಾರಪ್ಪ ಮರುದಿನ ಶನಿವಾರವೇ ಟೇಪು ಹಿಡಿದು ಹಳ್ಳದ ಕಡೆ ಹೋದ. ಅಳತೆಯ ದಿನ ಅಲ್ಲ, ಯಾರೂ ಕರೆದಿರಲಿಲ್ಲ. ವಾಪಸ್ ಬಂದು ನಮ್ಮ ಬಾಗಿಲಲ್ಲಿ ನಿಂತು, ಹತ್ತು ಮೊಳ ಇದ್ದದ್ದು ಹತ್ತೇ ಇದೆ ಎಂದ. ಹಾಗೆಂದು ಹೇಳಿ, ಸುತ್ತಿದ್ದ ಟೇಪನ್ನೇ ಬಿಚ್ಚಿ ಮತ್ತೊಮ್ಮೆ ಸುತ್ತಿದ. ಅವನ ತಾಯಿಯ ಮನೆ ಹಳ್ಳದ ಆಚೆ ಇದೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ಅವಳಿಗೆ ಮೈಕೈ ನೋವು, ಬರಲಿಲ್ಲ, ಒಂದು ಮೊಳ ಹೋಯಿತು. ಸೋಮವಾರ ಹೊಸ ಕಾಯಿ ತರಿಸಿದ್ದೇನೆ ಎಂದು ಹೇಳಿ ಕಳಿಸಿದೆ, ಬಂದಳು. ಹೆಚ್ಚುವ ದಿನ, ಒರೆಸುವ ದಿನ, ಉಪ್ಪು ಬೆರೆಸುವ ದಿನ, ಸಾಸಿವೆ ಪುಡಿ ಮಾಡುವ ದಿನ, ಹೀಗೆ ಒಂದು ದಿನದ ಕೆಲಸವನ್ನು ಎಂಟು ದಿನಕ್ಕೆ ಹಿಗ್ಗಿಸಿದೆವು. ಅವಳಿಗೆ ಅದು ತಿಳಿಯದೆ ಇರಲಿಲ್ಲ. ತಿಮ್ಮಕ್ಕ ಹಾಲನ್ನು ಗೇಟಿನಲ್ಲೇ ಇಟ್ಟು ಅವಳನ್ನು ಕೂಗುವುದನ್ನು ರೂಢಿ ಮಾಡಿಕೊಂಡಳು. ವನಜ ಅತ್ತೆಯ ಕನ್ನಡಕವನ್ನು ಅಡುಗೆಮನೆಯ ಕಿಟಕಿಯಲ್ಲಿ ಇಡತೊಡಗಿದಳು. ಬೇಕಾದವರು ಎದ್ದು ಬರುವಷ್ಟು ದೂರ, ಸಿಟ್ಟು ಬರುವಷ್ಟು ದೂರವಲ್ಲ. ಸಹಾಯ ಮಾಡದೆ ಇರುವುದರಲ್ಲೂ ಇಷ್ಟೊಂದು ಕುಸುರಿ ಕೆಲಸ ಇರುತ್ತದೆ ಎಂದು ನಾನು ಆ ಬೇಸಿಗೆಯಲ್ಲಿ ಕಲಿತೆ. ಸಿಸ್ಟರ್ ಫಿಲೋಮಿನಾ ಬಂದಾಗ ದಾಕ್ಷಾಯಣಿ ಒಂದು ಕೈಯಲ್ಲಿ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾ, ಇನ್ನೊಂದು ಕೈಯಲ್ಲಿ ಸಾರು ಕದಡುತ್ತಾ ಇದ್ದಳಂತೆ. ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರಂತೆ.

ನಾನು ಕೂತು ಕೂತು ಹಿಂದಕ್ಕೆ ಬಂದೆ, ಅವಳು ನಡೆದು ನಡೆದು ಮುಂದಕ್ಕೆ ಬಂದಳು. ವಾಕರ್ ಹೋಗಿ ಕೋಲು ಬಂತು. ಶ್ರಾವಣದ ಹೊತ್ತಿಗೆ ನಮ್ಮಿಬ್ಬರ ಮನೆಗಳು ಹಿಟ್ಟಿನ ಗಿರಣಿಯ ಎದುರಿಗೆ ಬಂದು ಅಕ್ಕಪಕ್ಕ ನಿಂತವು. ಹಳೆಯ ಜಾಗವಲ್ಲ. ಗಿರಣಿಯ ಸದ್ದು, ಹಿಟ್ಟಿನ ಧೂಳು. ಆದರೂ ಆ ದಿನ ನಾನು ಪಾಯಸ ಮಾಡಿದೆ. ಇನ್ನು ಮುಂದೆ ಇಬ್ಬರೂ ಇಲ್ಲೇ ಹೀಗೇ ಇದ್ದುಬಿಡೋಣ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಪಕ್ಕದ ಗೋಡೆ ಇರಬೇಕಾದ ಕಡೆ ಬೆಳಕು ಬಿದ್ದಿತ್ತು. ಹೊರಗೆ ಬಂದು ನೋಡಿದರೆ ಅವಳ ಮನೆ ನಮ್ಮ ಮನೆಗಿಂತ ಮೂರು ಮೊಳ ಮುಂದೆ. ಅಷ್ಟರಲ್ಲಿ ಅವಳೇ ಕೋಲು ಕುಟ್ಟಿಕೊಂಡು ಬಂದಳು. ಕಾಫಿ ಆಗಿದೆ, ಬಾರೆ ಎಂದೆ.

"ಇವತ್ತು ಬಿಡುವಿಲ್ಲ ಕಣೆ," ಎಂದಳು ನಿಲ್ಲದೆ. ಬಟ್ಟೆ ಅಂಗಡಿಯ ಯಜಮಾನರು ಏರಿಯ ಮೇಲೆ ಅವಳನ್ನು ಪಂಥಕ್ಕೆ ಕರೆದಿದ್ದಾರಂತೆ, ಮೂರು ಸುತ್ತು, ಸೋತವರು ದೋಸೆ ಕೊಡಿಸಬೇಕಂತೆ. ಅದರ ತಯಾರಿಗೆಂದು ಮೂರು ದಿನದಿಂದ ನನಗೆ ಹೇಳದೆ ನಡೆಯುತ್ತಿದ್ದಾಳೆ. ಅವಳ ಹಸಿರು ಸೀರೆ ಗಿರಣಿಯ ಮೂಲೆ ತಿರುಗುವವರೆಗೂ ನೋಡುತ್ತಾ ನಿಂತೆ. ತಿರುಗುವ ಮೊದಲು ಅವಳು ನಿಂತು, ಬಗ್ಗಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದೇನೂ ಮಾಡಲಿಲ್ಲ. ಹಾಗೇ ಹೋದಳು.

ಎರಡೂ ಲೋಟ ಕಾಫಿಯನ್ನು ನಾನೇ ಕುಡಿದೆ. ಆಮೇಲೆ ಸ್ಟೂಲು ಹಾಕಿ ಅಟ್ಟದಿಂದ ಚಪ್ಪಲಿ ಇಳಿಸಿದೆ. ಮೂರು ಮೊಳ ಹೆಚ್ಚೇನಲ್ಲ, ಇವತ್ತು ಹೊರಟರೆ ನಾಡಿದ್ದಿಗೆ ಹಿಡಿಯಬಹುದು.